ದಸ್ತಗಿರಿಯಾದವನ ನೆರೆಯವರು

ಪೊಲೀಸ್ ಠಾಣೆಯ ಕನ್ನಡದಲ್ಲಿ 'ದಸ್ತಗಿರಿ' ಎಂಬ ಒಂದು ಪದವಿದೆ. ಬಂಧನ ಎಂಬುದು ಪತ್ರಿಕೆಯವರ ಮಾತು, ಅರೆಸ್ಟ್ ಎಂಬುದು ಬೀದಿಯ ಮಾತು, ದಸ್ತಗಿರಿ ಎಂಬುದು ಠಾಣೆಯ ಕಾಗದದ ಮಾತು. ಪದ ಪಾರ್ಸಿಯದು. ದಸ್ತ್ ಎಂದರೆ ಕೈ, ಗೀರ್ ಎಂದರೆ ಹಿಡಿಯುವವನು. ಆದರೆ ಉರ್ದು ಓದಿ ಬೆಳೆದವರಿಗೆ ಈ ಪದ ಕೇಳಿದೊಡನೆ ಪೊಲೀಸರು ನೆನಪಾಗುವುದಿಲ್ಲ. ಉರ್ದುವಿನಲ್ಲಿ ದಸ್ತ್‌ಗೀರಿ ಎಂದರೆ ಬಿದ್ದವನ ಕೈ ಹಿಡಿದು ಎತ್ತುವುದು, ಆಸರೆಯಾಗುವುದು. ನಮ್ಮ ಮನೆಗಳಲ್ಲಿ ಗಂಡುಮಕ್ಕಳಿಗೆ ದಸ್ತಗೀರ್ ಎಂದು ಹೆಸರಿಡುವುದು ಈ ಅರ್ಥದಲ್ಲಿಯೇ. ಒಂದೇ ಪದ ಮಸೀದಿಯ ಓಣಿಯಲ್ಲಿ ಆಸರೆಯಾಯಿತು, ಠಾಣೆಯ ಮೆಟ್ಟಿಲಿನಲ್ಲಿ ಭಯವಾಯಿತು.

ಈ ಎರಡು ಅರ್ಥಗಳ ನಡುವೆ ಒಂದು ನೈತಿಕ ಪ್ರಶ್ನೆ ಅಡಗಿದೆ. ಒಬ್ಬನ ಕೈ ಹಿಡಿದು ಅವನ ಮನೆಯಿಂದಲೋ ಹೊಲದಿಂದಲೋ ಕರೆದೊಯ್ದ ಮೇಲೆ ಅವನ ಅನ್ನ, ನೀರು, ಮೈ, ಮಾನ ಎಲ್ಲವೂ ಹಿಡಿದವರ ವಶದಲ್ಲಿರುತ್ತವೆ. ತನ್ನವರೊಂದಿಗೆ ಒಂದು ಮಾತಾಡಲೂ ಇನ್ನೊಬ್ಬರ ಅಪ್ಪಣೆ ಬೇಕಾದ ಆ ಮನುಷ್ಯನಿಗೆ ಹಕ್ಕು ಎಂಬುದೊಂದು ಉಳಿದಿರುತ್ತದೆಯೆ? ಉಳಿದಿದ್ದರೆ ಅದನ್ನು ಕೇಳಬೇಕಾದವರು ಯಾರು? ಅವನು ನಿಜವಾಗಿಯೂ ತಪ್ಪು ಮಾಡಿದವನಾಗಿದ್ದರೂ ಕೇಳಬೇಕೆ?

2024ರ ಬೇಸಗೆಯಲ್ಲಿ ಈ ಪ್ರಶ್ನೆ ನಮ್ಮ ಹಾಸನ ಜಿಲ್ಲೆಯಲ್ಲಿ ಮನೆಮನೆಯ ಚರ್ಚೆಯಾಯಿತು. ಲೋಕಸಭಾ ಚುನಾವಣೆಯ ಹೊತ್ತಿಗೆ ಹಾಸನದ ಅಂದಿನ ಸಂಸದ ಪ್ರಜ್ವಲ್ ರೇವಣ್ಣನವರಿಗೆ ಸಂಬಂಧಿಸಿದ್ದೆನ್ನಲಾದ ವಿಡಿಯೋಗಳು ಪೆನ್‌ಡ್ರೈವ್‌ಗಳಲ್ಲಿ ಊರೂರಿಗೆ ಹಂಚಿಹೋದವು. ಅವುಗಳಲ್ಲಿದ್ದ ಹೆಣ್ಣುಮಕ್ಕಳ ಮುಖಗಳನ್ನು ಮರೆಮಾಚುವಷ್ಟು ಕನಿಕರವೂ ಹಂಚಿದವರಿಗೆ ಇರಲಿಲ್ಲ. ಏಪ್ರಿಲ್ 28ರಂದು ಹೊಳೆನರಸೀಪುರದ ಠಾಣೆಯಲ್ಲಿ ದೂರು ದಾಖಲಾಯಿತು. ಮೇ 4ರಂದು ಹೊಳೆನರಸೀಪುರದ ಶಾಸಕ ಎಚ್.ಡಿ. ರೇವಣ್ಣನವರನ್ನು ಮಹಿಳೆಯೊಬ್ಬರ ಅಪಹರಣದ ಆರೋಪದಲ್ಲಿ ವಿಶೇಷ ತನಿಖಾ ತಂಡ ಬೆಂಗಳೂರಿನಲ್ಲಿ ಬಂಧಿಸಿತು. ಮರುದಿನ ಭಾನುವಾರ. ಆದರೂ ಆಸ್ಪತ್ರೆಯಲ್ಲಿ ವೈದ್ಯಕೀಯ ತಪಾಸಣೆ ಮಾಡಿಸಿ ಅವರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲಾಯಿತು. ಮೇ 13ರಂದು ಅವರಿಗೆ ಷರತ್ತಿನ ಜಾಮೀನು ಸಿಕ್ಕಿತು. ವಿದೇಶಕ್ಕೆ ಹೋಗಿದ್ದ ಪ್ರಜ್ವಲ್ ಅವರನ್ನು ಮೇ 31ರ ನಡುರಾತ್ರಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಮಹಿಳಾ ಪೊಲೀಸ್ ಅಧಿಕಾರಿಗಳಿದ್ದ ತಂಡ ವಶಕ್ಕೆ ಪಡೆಯಿತು. ಅಂದೇ ಅವರು ನ್ಯಾಯಾಲಯದ ಮುಂದೆ ನಿಂತರು. ಪಕ್ಕದಲ್ಲಿ ಅವರ ವಕೀಲರಿದ್ದರು.

ಆ ದಿನಗಳಲ್ಲಿ ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ, ಅರಕಲಗೂಡಿನ ತಂಬಾಕು ಬೆಳೆಗಾರರ ಜಗುಲಿಯಲ್ಲಿ, ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ, ಹಾಸನದ ಪೆನ್ಶನ್ ಮೊಹಲ್ಲಾದ ಚಹಾ ಹೋಟೆಲಿನಲ್ಲಿ ಆಡಬಹುದಾದ ಮಾತು ಎರಡೇ ಇದ್ದವು. 'ಇಂಥವರಿಗೆಲ್ಲ ಯಾಕೆ ಡಾಕ್ಟರು, ವಕೀಲರು?' ಎಂಬುದು ಒಂದು. 'ಬಡವನಾಗಿದ್ದರೆ ಹೀಗೆಲ್ಲ ನೋಡಿಕೊಳ್ತಿದ್ರಾ?' ಎಂಬುದು ಇನ್ನೊಂದು. ಎರಡೂ ಒಂದೇ ಸಿಟ್ಟಿನಿಂದ ಹುಟ್ಟಿದ ಮಾತುಗಳು. ಆದರೆ ಮೊದಲನೆಯದು ಅನ್ಯಾಯದ ಕಡೆಗೆ, ಎರಡನೆಯದು ನ್ಯಾಯದ ಕಡೆಗೆ ನಡೆಸುತ್ತದೆ. ದೊಡ್ಡವರಿಗೆ ಸಿಕ್ಕಿದ್ದನ್ನು ಕಿತ್ತುಕೊಳ್ಳಿ ಎಂದು ಮೊದಲನೆಯದು ಹೇಳಿದರೆ, ಅದು ಬಡವನಿಗೇಕೆ ಸಿಗಲಿಲ್ಲ ಎಂದು ಎರಡನೆಯದು ಕೇಳುತ್ತದೆ. ಮೊದಲನೆಯ ದಾರಿಯಲ್ಲಿ ಹೋದರೆ ದೊಡ್ಡವರು ಹೇಗೋ ಪಾರಾಗುತ್ತಾರೆ, ಕೊನೆಗೆ ಒದೆ ತಿನ್ನುವವನು ಬಡವನೇ.

ಆ ಪ್ರಕರಣ ಎಲ್ಲಿಗೆ ಮುಟ್ಟಿತೆಂಬುದನ್ನೂ ನೋಡಬೇಕು. ಮನೆಕೆಲಸದ ಮಹಿಳೆಯೊಬ್ಬರ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 1ರಂದು ಪ್ರಜ್ವಲ್ ರೇವಣ್ಣನವರನ್ನು ಅಪರಾಧಿಯೆಂದು ಘೋಷಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ್ದಾರೆ. ಯಾರನ್ನೂ ಲಾಕಪ್ಪಿನಲ್ಲಿ ಬಡಿದು ಒಪ್ಪಿಸಿದ ಹೇಳಿಕೆಯ ಮೇಲೆ ಈ ತೀರ್ಪು ನಿಂತಿಲ್ಲ. ನೊಂದ ಮಹಿಳೆಯ ಧೈರ್ಯದ ಸಾಕ್ಷ್ಯ ಮತ್ತು ಪ್ರಯೋಗಾಲಯದ ವರದಿಗಳು ಅದಕ್ಕೆ ಆಧಾರವಾದವು. ಬಂಧಿತನ ಹಕ್ಕನ್ನು ಕಾಪಾಡಿದರೆ ನೊಂದವರಿಗೆ ಅನ್ಯಾಯವಾಗುತ್ತದೆಂದು ತಿಳಿದವರು ಇದನ್ನು ಗಮನಿಸಬೇಕು. ಕ್ರಮಬದ್ಧವಾಗಿ ಹಿಡಿದ ಕೈಯೇ ಕೊನೆಯವರೆಗೆ ಬಿಗಿಯಾಗಿ ಹಿಡಿಯಬಲ್ಲದು.

ಹಾಗಾದರೆ ಕ್ರಮ ಯಾವುದು? ಉರ್ದುವಿನಲ್ಲಿ ಮುಲ್ಜಿಮ್ ಮತ್ತು ಮುಜ್ರಿಮ್ ಎಂಬ ಎರಡು ಪದಗಳಿವೆ. ಕನ್ನಡದಲ್ಲಿ ಆರೋಪಿ ಮತ್ತು ಅಪರಾಧಿ. ಕೇಳುವುದಕ್ಕೆ ಅಕ್ಕತಂಗಿಯರಂತಿರುವ ಈ ಪದಗಳ ನಡುವೆ ಇಡೀ ನ್ಯಾಯಾಲಯವೇ ಇದೆ. ಮುಲ್ಜಿಮ್ ಆದವನನ್ನು ಮುಜ್ರಿಮ್ ಎಂದು ಕರೆಯುವ ಅಧಿಕಾರ ನ್ಯಾಯಾಧೀಶರಿಗಲ್ಲದೆ ಪೊಲೀಸರಿಗಿಲ್ಲ, ಟಿ.ವಿ.ಯವರಿಗಿಲ್ಲ, ನಮಗೂ ಇಲ್ಲ. ನಮ್ಮ ಸಂವಿಧಾನದ 22ನೆಯ ವಿಧಿ ಈ ಅಂತರವನ್ನು ಕಾಯುವ ಕಾವಲುಗಾರ. ಬಂಧಿಸಿದವನಿಗೆ ಬಂಧನದ ಕಾರಣವನ್ನು ಆದಷ್ಟು ಬೇಗ ತಿಳಿಸಬೇಕು. ತನಗೆ ಬೇಕಾದ ವಕೀಲರೊಂದಿಗೆ ಸಮಾಲೋಚಿಸಲು ಬಿಡಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ಸಂವಿಧಾನದ ಮೊದಲ ಕರಡಿನಲ್ಲಿ ಈ ವಿಧಿ ಇರಲಿಲ್ಲ. ವೈಯಕ್ತಿಕ ಸ್ವಾತಂತ್ರ್ಯಕ್ಕೆ ಸಾಲದಷ್ಟು ರಕ್ಷಣೆ ಇದೆಯೆಂಬ ಆಕ್ಷೇಪ ಬಂದ ಮೇಲೆ ಡಾ. ಅಂಬೇಡ್ಕರ್ ಅವರು 1949ರ ಸೆಪ್ಟೆಂಬರಿನಲ್ಲಿ ಇದನ್ನು ಸಂವಿಧಾನ ಸಭೆಯ ಮುಂದಿಟ್ಟರು.

ಕಾಗದದ ಮೇಲಿನ ವಿಧಿ ಲಾಕಪ್ಪಿನ ಕತ್ತಲೆಯಲ್ಲಿ ಕಾಣುವುದಿಲ್ಲ ಎಂಬುದು ಮುಂದಿನ ದಶಕಗಳ ಪಾಠ. ತುರ್ತು ಪರಿಸ್ಥಿತಿಯಲ್ಲಿ ಮೀಸಾ ಕಾಯಿದೆಯಡಿ ಹಿಡಿದವರಿಗೆ ಕಾರಣವನ್ನೇ ಹೇಳಬೇಕಾಗಿರಲಿಲ್ಲ. ಬೆಂಗಳೂರಿನ ಸೆರೆಮನೆಯಲ್ಲಿದ್ದ ವಾಜಪೇಯಿ, ಅಡ್ವಾಣಿಯವರಂಥವರೂ ಕರ್ನಾಟಕ ಹೈಕೋರ್ಟಿನ ಬಾಗಿಲು ತಟ್ಟಿದ್ದರು. 1976ರ ಏಪ್ರಿಲ್ 28ರಂದು ಸುಪ್ರೀಮ್ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಾಧೀಶರು, ತುರ್ತು ಪರಿಸ್ಥಿತಿಯಲ್ಲಿ ಬಂಧಿತನಿಗೆ ನ್ಯಾಯಾಲಯವನ್ನು ಕೇಳುವ ಹಕ್ಕೇ ಇಲ್ಲವೆಂದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆಗ ಬೆಂಗಳೂರಿನ ಸೆರೆಮನೆಯಲ್ಲಿದ್ದವರಲ್ಲಿ ಹೊಳೆನರಸೀಪುರ ತಾಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರೂ ಒಬ್ಬರು. ಒಂದೇ ಮನೆತನದ ಹಿರಿಯರು ಕಾರಣ ಹೇಳದ ಸೆರೆಯನ್ನು ಕಂಡರು. ಮಗ ಮತ್ತು ಮೊಮ್ಮಗ ಕಾರಣ ಹೇಳಿದ, ವಕೀಲರಿದ್ದ, ವೈದ್ಯರು ಕಂಡ ಸೆರೆಯನ್ನು ನೋಡಿದರು. ನಡುವಿನ ಅರ್ಧ ಶತಮಾನದಲ್ಲಿ ಈ ದೇಶ ಏನನ್ನು ಗಳಿಸಿತೆಂಬುದನ್ನು ತಿಳಿಯಲು ನಮ್ಮ ಜಿಲ್ಲೆಯನ್ನು ಬಿಟ್ಟು ಹೋಗಬೇಕಾಗಿಲ್ಲ. 1976ರ ಆ ತೀರ್ಪನ್ನು ಸುಪ್ರೀಮ್ ಕೋರ್ಟು 2017ರಲ್ಲಿ ಸ್ಪಷ್ಟ ಮಾತುಗಳಲ್ಲಿ ತಳ್ಳಿಹಾಕಿತು.

ಆ ಗಳಿಕೆಯ ದೊಡ್ಡ ಪಾಲು ಡಿ.ಕೆ. ಬಸು ಪ್ರಕರಣದ್ದು. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಡಿ.ಕೆ. ಬಸು 1986ರಲ್ಲಿ ಲಾಕಪ್ ಸಾವುಗಳ ಬಗ್ಗೆ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಆ ಪತ್ರವೇ ರಿಟ್ ಅರ್ಜಿಯಾಗಿ, ಹತ್ತು ವರ್ಷಗಳ ನಂತರ 1996ರ ಡಿಸೆಂಬರ್ 18ರಂದು ತೀರ್ಪು ಬಂತು. ಆಗ ದೇಶದ ಪ್ರಧಾನಿಯಾಗಿದ್ದವರು ಇದೇ ದೇವೇಗೌಡರು ಎಂಬುದು ಕಾಕತಾಳೀಯವಾದರೂ ನಮ್ಮ ಜಿಲ್ಲೆಯವರು ನೆನಪಿಡಬೇಕಾದದ್ದು. ಆ ತೀರ್ಪು ಹನ್ನೊಂದು ನಿಯಮಗಳನ್ನು ಹಾಕಿತು. ಬಂಧಿಸುವ ಪೊಲೀಸರ ಎದೆಯ ಮೇಲೆ ಹೆಸರು, ಹುದ್ದೆ ಕಾಣುವಂತಿರಬೇಕು. ಬಂಧನದ ಸ್ಥಳದಲ್ಲೇ ದಿನಾಂಕ, ಸಮಯ ಬರೆದ ಮೆಮೊ ತಯಾರಾಗಬೇಕು. ಬಂಧಿತನ ಒಬ್ಬ ಸಂಬಂಧಿಕನಿಗೋ ಸ್ನೇಹಿತನಿಗೋ ಅವನು ಎಲ್ಲಿದ್ದಾನೆಂದು ತಿಳಿಸಬೇಕು. ಬಂಧಿತನು ಕೇಳಿದರೆ ಮೈಮೇಲಿನ ಗಾಯಗಳನ್ನು ಆಗಲೇ ಬರೆದಿಡಬೇಕು. ಕಸ್ಟಡಿಯಲ್ಲಿರುವವರೆಗೆ 48 ಗಂಟೆಗೊಮ್ಮೆ ವೈದ್ಯರು ಪರೀಕ್ಷಿಸಬೇಕು. ವಿಚಾರಣೆಯ ಉದ್ದಕ್ಕೂ ಅಲ್ಲದಿದ್ದರೂ ನಡುವೆ ವಕೀಲರನ್ನು ಕಾಣಲು ಬಿಡಬೇಕು. ಎಲ್ಲ ಕಾಗದಗಳ ಪ್ರತಿ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಸೆಕ್ಷನ್ನಿನ ಸಂಖ್ಯೆಗಳು ಬದಲಾದರೂ ಈ ರಕ್ಷಣೆಗಳು ಉಳಿದಿವೆ. ಮೆಮೊ 36ರಲ್ಲಿ, ವಕೀಲರ ಭೇಟಿ 38ರಲ್ಲಿ, ಕಾರಣ ತಿಳಿಸುವುದು 47ರಲ್ಲಿ, ಮನೆಯವರಿಗೆ ತಿಳಿಸುವುದು 48ರಲ್ಲಿ, 24 ಗಂಟೆಯ ಮಿತಿ 58ರಲ್ಲಿ ಇವೆ. ವಿಶೇಷ ಸಂದರ್ಭವಿಲ್ಲದೆ ಹೆಂಗಸರನ್ನು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುಂಚೆ ಬಂಧಿಸುವಂತಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ತಾನೇತಾನಾಗಿ ಆಗಬಾರದು, ಅಗತ್ಯವಿಲ್ಲದಿದ್ದರೆ ನೋಟಿಸು ಕೊಟ್ಟು ಕರೆಯಬೇಕೆಂದು ಸುಪ್ರೀಮ್ ಕೋರ್ಟು 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಹೇಳಿದೆ. ಬಂಧಿಸುವ ಅಧಿಕಾರ ಇರುವುದು ಬೇರೆ, ಬಂಧಿಸಲು ಸಕಾರಣ ಇರುವುದು ಬೇರೆ ಎಂದು 1994ರಲ್ಲಿಯೇ ಜೋಗಿಂದರ್ ಕುಮಾರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಎಚ್ಚರಿಸಿತ್ತು.

ಕಾನೂನು ಇಷ್ಟೆಲ್ಲ ಹೇಳಿದರೂ ಅದರ ಒಂದು ಮಾತನ್ನು ನಾವು ಸರಿಯಾಗಿ ಓದಿಲ್ಲ. ಬಂಧನದ ಮೆಮೊಗೆ ಸಾಕ್ಷಿಯಾಗಿ ಸಹಿ ಹಾಕಬೇಕಾದವರು ಯಾರು? ಬಂಧಿತನ ಕುಟುಂಬದವರೊಬ್ಬರು, ಇಲ್ಲವೇ ಬಂಧನವಾದ ಆ ಪ್ರದೇಶದ ಒಬ್ಬ ಗೌರವಸ್ಥ ವ್ಯಕ್ತಿ. ಅಂದರೆ ನೆರೆಯವನು. ದಸ್ತಗಿರಿಯ ಕಾಗದದಲ್ಲಿ ಕಾನೂನು ನೆರೆಯವನಿಗೊಂದು ಜಾಗ ಬಿಟ್ಟಿದೆ. ಹಿಡಿಯುವವನು ಮತ್ತು ಹಿಡಿಸಿಕೊಂಡವನು ಇಬ್ಬರೇ ಇದ್ದರೆ ಸತ್ಯಕ್ಕೆ ಅಪಾಯವಿದೆ, ಮೂರನೆಯವನೊಬ್ಬ ನೋಡಿದ್ದಾನೆ ಎಂಬುದು ದಾಖಲಾಗಬೇಕು ಎಂಬ ವಿವೇಕ ಅದರ ಹಿಂದಿದೆ.

ದೊಡ್ಡವರಿಗೆ ಈ ಮೂರನೆಯವನು ತಾನಾಗಿಯೇ ಸಿಗುತ್ತಾನೆ. ವಕೀಲರು, ಪಕ್ಷದವರು, ಟಿ.ವಿ. ಕ್ಯಾಮರಾಗಳು ಎಲ್ಲರೂ ಅವರ ನೆರೆಯವರೇ. ಗುಜರಿ ಆಯುವವನಿಗೆ, ಸಕಲೇಶಪುರದ ಕಾಫಿ ತೋಟಕ್ಕೆ ಅಸ್ಸಾಮಿನಿಂದ ಬಂದ ಕೂಲಿಗೆ, ಮಂಡಿಯ ಹಮಾಲಿಗೆ ಯಾರಿದ್ದಾರೆ? ಅವನನ್ನು ರಾತ್ರಿ ಜೀಪಿನಲ್ಲಿ ಕೂರಿಸಿಕೊಂಡು ಹೋದರೆ ಓಣಿಯ ದೀಪಗಳು ಒಂದೊಂದಾಗಿ ಆರುತ್ತವೆ. ಬೆಳಿಗ್ಗೆ ನಲ್ಲಿಯ ಬಳಿ ಕೇಳುವ ಮಾತು ನಮ್ಮ ದಖನಿಯಲ್ಲಿ ಹೀಗಿರುತ್ತದೆ: 'ಕುಚ್ ತೋ ಬೀ ಕರೇ ಹೊಯೆಂಗಾ', ಏನಾದರೂ ಮಾಡಿಯೇ ಇರುತ್ತಾನೆ. ಈ ಒಂದು ವಾಕ್ಯದಲ್ಲಿ ನಾವು ಎಫ್‌ಐಆರ್, ಸಾಕ್ಷಿ, ವಾದ, ತೀರ್ಪು ಎಲ್ಲವನ್ನೂ ಮುಗಿಸಿಬಿಡುತ್ತೇವೆ. ಮುಲ್ಜಿಮ್ ಆ ನಲ್ಲಿಯ ಬಳಿಯೇ ಮುಜ್ರಿಮ್ ಆಗಿರುತ್ತಾನೆ. ಅವನ ಮಗಳ ಮದುವೆ ಮಾತುಕತೆ ಮುರಿಯುತ್ತದೆ, ಅಂಗಡಿಯವನು ಸಾಲ ಕೊಡುವುದಿಲ್ಲ. ಕಥೆ ಬರೆಯುವ ನಮಗೆ ಇದು ಬಹಳ ಸಲ ಕಂಡ ವಸ್ತು. ಆದರೆ ಅದು ಕಥೆಯಾದರೆ ಸಾಲದು.

ಮೂರನೆಯವನಿಲ್ಲದಿದ್ದರೆ ಏನಾಗಬಹುದೆಂಬುದಕ್ಕೆ ನಮ್ಮ ರಾಜ್ಯದ ಒಂದು ನಿದರ್ಶನ ಸಾಕು. 1994ರ ಜನವರಿಯಲ್ಲಿ ಗುಲ್ಬರ್ಗದ ಒಬ್ಬ ಫಾರ್ಮಸಿ ವಿದ್ಯಾರ್ಥಿಯನ್ನು ಬಾಂಬ್ ಸ್ಫೋಟಗಳ ಆರೋಪದಲ್ಲಿ ಪೊಲೀಸರು ಹಿಡಿದರು. ಆ ತಿಂಗಳ 15ರಂದು ಹಿಡಿದವರು ತನ್ನನ್ನು ನ್ಯಾಯಾಲಯದ ಮುಂದೆ ತಂದದ್ದು ಫೆಬ್ರವರಿ 28ರಂದು ಎಂದು ಬಿಡುಗಡೆಯ ನಂತರ ಆತ ಪತ್ರಿಕೆಗಳಿಗೆ ಹೇಳಿದರು. ಕಾನೂನು ಕೊಟ್ಟಿದ್ದು 24 ಗಂಟೆ, ಆತ ಹೇಳುವಂತೆ ಕಳೆದದ್ದು 40ಕ್ಕೂ ಹೆಚ್ಚು ದಿನ. ಟಾಡಾ ಕಾಯಿದೆಯಡಿ ಪೊಲೀಸ್ ಅಧಿಕಾರಿಯ ಮುಂದೆ ಬರೆಸಿದ ತಪ್ಪೊಪ್ಪಿಗೆಯ ಮೇಲೆ ಜೀವಾವಧಿ ಶಿಕ್ಷೆಯಾಯಿತು. 2016ರ ಮೇ ತಿಂಗಳಲ್ಲಿ ಸುಪ್ರೀಮ್ ಕೋರ್ಟು ಅದನ್ನು ಒಪ್ಪದೆ ಬಿಡುಗಡೆ ಮಾಡಿದಾಗ ಪರೀಕ್ಷೆಗೆ ಓದುತ್ತಿದ್ದ ಹುಡುಗ ನಡುವಯಸ್ಕನಾಗಿ, ಜೈಪುರದ ಸೆರೆಮನೆಯಿಂದ 22 ವರ್ಷಗಳಿಗೂ ಹೆಚ್ಚು ಕಾಲದ ನಂತರ ಹೊರಬಂದರು. ಆ ವೇಳೆಗೆ ಕೋರ್ಟು ಕಚೇರಿ ಅಲೆದ ತಂದೆ ತೀರಿಹೋಗಿದ್ದರು. ಮೊದಲ 24 ಗಂಟೆಯ ನಿಯಮ ಕಾಗದದ ಶಿಷ್ಟಾಚಾರ ಎಂದು ಯಾರಿಗಾದರೂ ಅನ್ನಿಸಿದರೆ ಆ 22 ವರ್ಷಗಳನ್ನು ಎಣಿಸಿ ನೋಡಲಿ.

ಇಲ್ಲಿ ಒಂದು ಪ್ರಾಮಾಣಿಕ ಆಕ್ಷೇಪ ಇದೆ. ಒಂದು ಕಾಗದ ಕೊಡಲಿಲ್ಲವೆಂಬ ಕಾರಣಕ್ಕೆ ಕೊಲೆಗಾರ ಹೊರಗೆ ಬಂದರೆ ಸತ್ತವನ ಮನೆಯವರು ಏನೆನ್ನಬೇಕು? ಇದು ಕಲ್ಪನೆಯ ಪ್ರಶ್ನೆಯಲ್ಲ. ಚಿತ್ರದುರ್ಗದ ಯುವಕನೊಬ್ಬನನ್ನು ಅಪಹರಿಸಿ ಕೊಂದ ಆರೋಪದಲ್ಲಿ 2024ರ ಜೂನ್‌ನಲ್ಲಿ ನಟ ದರ್ಶನ್ ಮತ್ತಿತರರ ಬಂಧನವಾಯಿತು. ಅದೇ ಡಿಸೆಂಬರ್ 13ರಂದು ಹೈಕೋರ್ಟು ಜಾಮೀನು ಕೊಟ್ಟಾಗ, ಬಂಧನದ ಕಾರಣಗಳನ್ನು ಸಕಾಲದಲ್ಲಿ ಬರಹದಲ್ಲಿ ಕೊಟ್ಟಿರಲಿಲ್ಲ ಎಂಬುದೂ ಅದರ ಕಾರಣಗಳಲ್ಲೊಂದಾಗಿತ್ತು. 2025ರ ಆಗಸ್ಟ್ 14ರಂದು ಸುಪ್ರೀಮ್ ಕೋರ್ಟು ಆ ಜಾಮೀನನ್ನು ರದ್ದುಮಾಡಿತು. ಆರೋಪವೇನೆಂದು ತಿಳಿದಿದ್ದು, ರಕ್ಷಣೆಗೆ ತೊಂದರೆಯಾಗದಿದ್ದರೆ ಆ ಲೋಪವೊಂದರಿಂದಲೇ ಬಂಧನ ಅಸಿಂಧುವಾಗದು ಎಂದಿತು. ಜೈಲಿನಲ್ಲಿ ಯಾರಿಗೂ ವಿಶೇಷ ಉಪಚಾರ ಸಲ್ಲದೆಂದೂ ಎಚ್ಚರಿಸಿತು. ಅದಾಗಿ ಮೂರು ತಿಂಗಳಿಗೆ, ನವೆಂಬರ್ 6ರಂದು, ಮಿಹಿರ್ ಶಾ ಪ್ರಕರಣದಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠ ಮುಂದಿನ ದಾರಿಯನ್ನು ನಿಚ್ಚಳಗೊಳಿಸಿತು. ಯಾವ ಕಾಯಿದೆಯಡಿಯ ಅಪರಾಧವೇ ಇರಲಿ, ಬಂಧನದ ಕಾರಣವನ್ನು ಬರಹದಲ್ಲಿ, ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ತಕ್ಷಣ ಬರೆದುಕೊಡಲು ಆಗದಿದ್ದರೆ ಬಾಯಲ್ಲಿ ಹೇಳಿ, ರಿಮ್ಯಾಂಡಿಗಾಗಿ ಮ್ಯಾಜಿಸ್ಟ್ರೇಟರ ಮುಂದೆ ತರುವುದಕ್ಕೆ ಕನಿಷ್ಠ ಎರಡು ಗಂಟೆ ಮುಂಚೆಯಾದರೂ ಕೊಡಬೇಕು.

ಆಕ್ಷೇಪಕ್ಕೆ ನಮ್ಮ ಉತ್ತರ ಇಷ್ಟೆ. ಬಂಧನ ಕಾನೂನಿಗೆ ವಿರುದ್ಧವಾದರೆ ರದ್ದಾಗುವುದು ಆ ಬಂಧನ. ಮೊಕದ್ದಮೆ ರದ್ದಾಗುವುದಿಲ್ಲ, ಸಾಕ್ಷಿಗಳು ಸಾಯುವುದಿಲ್ಲ, ಕಾರಣ ಬರೆದುಕೊಟ್ಟು ಮತ್ತೆ ಬಂಧಿಸಲು ದಾರಿಯಿದೆ. ಕಾಗದ ಕೊಡದೆ ತಪ್ಪು ಮಾಡಿದವರು ಯಾರೋ ಅವರನ್ನು ಸತ್ತವನ ಮನೆಯವರು ಕೇಳಬೇಕು. ಇನ್ನೊಂದು ಮಾತೂ ಇದೆ. ಆ ಮೊಕದ್ದಮೆಯ ಆರೋಪವೇನು? ಅಶ್ಲೀಲ ಸಂದೇಶ ಕಳಿಸಿದನೆಂದು ಒಬ್ಬನನ್ನು ಹಿಡಿದು, ಶೆಡ್ಡಿನಲ್ಲಿ ಕೂಡಿಹಾಕಿ, ಬಡಿದು ಕೊಂದರು ಎಂಬುದು. ವಿಚಾರಣೆ ನಡೆದಿರುವುದರಿಂದ ನಿಜಾನಿಜ ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಆ ಆರೋಪದ ಸ್ವರೂಪವನ್ನು ನೋಡಿ. ಆ ಯುವಕನಿಗೆ ಮೆಮೊ ಇರಲಿಲ್ಲ, ವಕೀಲ, ವೈದ್ಯ, ಮ್ಯಾಜಿಸ್ಟ್ರೇಟ್ ಇರಲಿಲ್ಲ. ಹಿಡಿದವರೇ ದೂರುದಾರರು, ಅವರೇ ನ್ಯಾಯಾಧೀಶರು, ಅವರೇ ಶಿಕ್ಷೆ ಕೊಟ್ಟವರು. ಖಾಕಿಯವರು ಅದನ್ನು ಮಾಡಿದರೆ ಲಾಕಪ್ ಸಾವು, ಗುಂಪು ಮಾಡಿದರೆ ಬೀದಿ ಕೊಲೆ. ಬಂಧಿತನ ಹಕ್ಕುಗಳನ್ನು ಒಂದೊಂದಾಗಿ ತೆಗೆಯುತ್ತ ಹೋದರೆ ಕೊನೆಗೆ ಮುಟ್ಟುವ ಊರು ಆ ಶೆಡ್ಡು.

ಭಾಷೆಯ ಮಾತು ಬಂದದ್ದರಿಂದ ಅದನ್ನೂ ಹೇಳಬೇಕು. ನಮ್ಮ ಅಮ್ಮಂದಿರಲ್ಲಿ ಎಷ್ಟೋ ಮಂದಿ ಉರ್ದುವನ್ನು ಓದಬಲ್ಲರು, ಕನ್ನಡವನ್ನು ಮಾತಾಡಬಲ್ಲರು, ಆದರೆ ಠಾಣೆಯ ಕನ್ನಡ ಬರಹ ಅವರಿಗೆ ಗೋಡೆಯಷ್ಟೇ ಮೌನ. ಮಗನ ಬಂಧನದ ಕಾಗದಕ್ಕೆ ಹೆಬ್ಬೆಟ್ಟೊತ್ತಿ ಬರುತ್ತಾರೆ. ತೋಟದ ಅಸ್ಸಾಮಿ ಕೂಲಿಯ ಪಾಡು ಇದಕ್ಕಿಂತ ಕಡೆ. ತಿಳಿಯದ ಭಾಷೆಯಲ್ಲಿ ಕಾರಣ ಕೊಟ್ಟರೆ ಕೊಟ್ಟಂತಾಗುವುದಿಲ್ಲ ಎಂದು ಮುಂಜಾಗ್ರತಾ ಬಂಧನದ ಪ್ರಕರಣವೊಂದರಲ್ಲಿ ಸುಪ್ರೀಮ್ ಕೋರ್ಟು 1962ರಷ್ಟು ಹಿಂದೆಯೇ ಹೇಳಿತ್ತು. 2025ರ ಫೆಬ್ರವರಿಯ ವಿಹಾನ್ ಕುಮಾರ್ ತೀರ್ಪು, ಕಾರಣವನ್ನು ಬಂಧಿತನ ಮನೆಯವರಿಗೂ ತಿಳಿಸಬೇಕು ಎಂದಿದೆ. ಹೊರಗಿರುವವರಿಗೆ ಕಾರಣ ತಿಳಿದರೆ ತಾನೇ ಜಾಮೀನಿಗೆ ಓಡಾಡುವುದು? ಇಲ್ಲಿಯೂ ಕಾನೂನು ಮೂರನೆಯವನನ್ನೇ ಹುಡುಕುತ್ತಿದೆ.

ಕೈಕೋಳದ ವಿಷಯವೂ ಹಾಗೆಯೇ. ಹೊಸ ಸಂಹಿತೆ ಕೆಲವು ಘೋರ ಅಪರಾಧಗಳಲ್ಲಿ ಕೈಕೋಳಕ್ಕೆ ಅವಕಾಶ ಕೊಟ್ಟಿದೆ. ಆದರೆ ಎಲ್ಲರಿಗೂ ತೊಡಿಸುವುದು ಪದ್ಧತಿಯಾಗಕೂಡದು. 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ, ಚೆಕ್ ಪ್ರಕರಣದಲ್ಲಿ ಹಿಡಿದ ಕಾನೂನು ವಿದ್ಯಾರ್ಥಿಯೊಬ್ಬನನ್ನು ಕೈಕೋಳ ತೊಡಿಸಿ ಜನರ ನಡುವೆ ನಡೆಸಿದ್ದಕ್ಕೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆ ದಿನ ಅವನನ್ನು ನಡೆಸಿಕೊಂಡು ಹೋಗುವಾಗ ಬೀದಿಯ ಎರಡೂ ಕಡೆ ಎಷ್ಟು ಕಣ್ಣುಗಳು ನೋಡಿರಬಹುದು?

ಪೊಲೀಸರ ಕಷ್ಟವನ್ನು ಬಲ್ಲೆವು. ರಜೆಯಿಲ್ಲದ ದುಡಿಮೆ, ಮೇಲಿನವರ ಒತ್ತಡ, ಕಳ್ಳತನವಾದ ಮರುದಿನವೇ ಕಳ್ಳ ಬೇಕೆನ್ನುವ ಜನ, ಕರೆ ಮಾಡುವ ಮುಖಂಡರು. 'ನಾಲ್ಕು ಬಿಗಿದರೆ ತಾನೇ ಬಾಯಿ ಬಿಡುವುದು' ಎಂದು ಅವರಿಗೆ ಹೇಳಿಕೊಡುವವರು ಮರ್ಯಾದಸ್ಥರಾದ ನಾವೇ. ಆದರೆ ಈ ಹಕ್ಕುಗಳಲ್ಲಿ ಒಂದಾದರೂ ಬಂಧಿಸಬೇಡಿ ಎನ್ನುವುದಿಲ್ಲ. ಕಾರಣ ಹೇಳಿ, ಬರೆದಿಡಿ, ವೈದ್ಯರಿಗೆ ತೋರಿಸಿ, ನ್ಯಾಯಾಧೀಶರ ಮುಂದೆ ತನ್ನಿ ಎನ್ನುತ್ತವೆ. ಸರಿಯಾಗಿ ಕೆಲಸ ಮಾಡುವ ಪೇದೆಗೆ ಆ ಮೆಮೊವೇ ರಕ್ಷಣೆ; ನಾಳೆ ಸುಳ್ಳು ಆರೋಪ ಬಂದರೆ ಅವನ ಪರ ಸಾಕ್ಷಿ ನುಡಿಯುವುದು ಅದೇ ಕಾಗದ.

ನಮ್ಮ ಧರ್ಮ ಈ ವಿಷಯದಲ್ಲಿ ಏನು ಹೇಳುತ್ತದೆ? ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ಅನ್ಯಾಯಕ್ಕೆ ಎಳೆಯದಿರಲಿ ಎಂಬ ಆಶಯ ಕುರ್‌ಆನಿನ ಅಲ್ ಮಾಇದಾ ಅಧ್ಯಾಯದಲ್ಲಿದೆ. ಪ್ರವಾದಿ ಯೂಸುಫ್(ಅ)ರ ನಿರ್ದೋಷಿತ್ವದ ಕುರುಹುಗಳನ್ನು ಕಂಡ ನಂತರವೂ ಅವರನ್ನು ಸೆರೆಗೆ ತಳ್ಳಿದ ವೃತ್ತಾಂತ ನಮಗೆಲ್ಲ ಗೊತ್ತು. ವರ್ಷಗಳ ನಂತರ ಅರಸನ ಕರೆ ಬಂದಾಗಲೂ ಅವರು ಓಡಿ ಹೊರಬರಲಿಲ್ಲ, ಮೊದಲು ಪ್ರಕರಣದ ವಿಚಾರಣೆಯಾಗಲಿ ಎಂದರು. ಅವರಿಗೆ ಬೇಕಿದ್ದುದು ಕೃಪೆಯಲ್ಲ, ನ್ಯಾಯ. ಖಲೀಫ ಉಮರ್(ರ) ಒಬ್ಬನ ತಪ್ಪು ಹಿಡಿಯಲು ಗೋಡೆ ಹತ್ತಿ ಮನೆಯೊಳಗಿಳಿದಾಗ ಆ ಮನುಷ್ಯ, ನಾನು ಮಾಡಿದ್ದು ಒಂದು ತಪ್ಪು, ನೀವು ಬೇಹು ನೋಡಿದಿರಿ, ಬಾಗಿಲಿನಿಂದ ಬರಲಿಲ್ಲ, ಸಲಾಮ್ ಹೇಳಿ ಅನುಮತಿ ಕೇಳಲಿಲ್ಲ ಎಂದು ಮೂರು ತಪ್ಪುಗಳನ್ನು ಎತ್ತಿ ತೋರಿಸಿದ ಪ್ರಸಂಗ ಪ್ರಸಿದ್ಧವಾದದ್ದು. ಖಲೀಫರು ಅದನ್ನು ಒಪ್ಪಿ ಹಿಂದಿರುಗಿದರು. ತಪ್ಪಿತಸ್ಥನಿಗೂ ಹಕ್ಕಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪಾಠ ಇನ್ನೇನು ಬೇಕು?

ಈ ಪಾಠವನ್ನು ಮರೆತರೆ ಏನಾಗುತ್ತದೆಂಬುದನ್ನು 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಕಂಡೆವು. ಪ್ರವಾದಿವರ್ಯರ ಅವಹೇಳನ ಮಾಡಿದವನನ್ನು ಕೂಡಲೇ ಬಂಧಿಸಿ ಎಂದು ಠಾಣೆಯ ಮುಂದೆ ಸೇರಿದ ಗುಂಪು ಬೆಂಕಿ ಹಚ್ಚಿತು. ಗೋಲಿಬಾರಿನಲ್ಲಿ ನಮ್ಮ ಹುಡುಗರು ಸತ್ತರು. ಮುಂದಿನ ದಿನಗಳಲ್ಲಿ ನೂರಾರು ಮಂದಿ ಸೆರೆಯಾದರು. ಇನ್ನೊಬ್ಬನ ಬಂಧನಕ್ಕೆ ಒಂದು ಗಂಟೆಯೂ ಕಾಯಲಾರದ ಓಣಿಗಳಲ್ಲಿ ಮರುದಿನ ತಾಯಂದಿರು ತಮ್ಮ ಮಕ್ಕಳು ಯಾವ ಠಾಣೆಯಲ್ಲಿದ್ದಾರೆ, ಯಾವ ಕಾರಣಕ್ಕೆ ಎಂದು ಕೇಳುತ್ತ ಅಲೆದರು. ಠಾಣೆಗೆ ಹೋಗಬೇಕಾದ ನೆರೆಯವನ ಕೈಯಲ್ಲಿ ಕಲ್ಲಿರಬಾರದು. ಒಂದು ಪೆನ್ನು ಮತ್ತು ಒಬ್ಬ ವಕೀಲ ಸಾಕು.

ಸತ್ತವರ ಮಯ್ಯತ್ತಿಗೆ ಹೆಗಲು ಕೊಡಲು ನಮ್ಮ ಊರುಗಳಲ್ಲಿ ಕರೆಯದೆಯೇ ಜನ ಬರುತ್ತಾರೆ. ಬದುಕಿರುವವನು ಠಾಣೆಯಲ್ಲಿದ್ದರೆ ನಾಲ್ಕು ಜನ ಯಾಕೆ ಬರಬಾರದು? ಹಿಂದೂವಾಗಲಿ ಮುಸ್ಲಿಮನಾಗಲಿ, ನಮ್ಮ ಓಣಿಯವನಾದರೆ ಸಾಕು. ಅವರು ಕೇಳಬೇಕಾದ್ದು ಕಷ್ಟದ ಪ್ರಶ್ನೆಗಳೇನಲ್ಲ. ಬಂಧಿಸಿದ್ದೀರಾ ಇಲ್ಲವೆ? ಎಷ್ಟು ಗಂಟೆಗೆ? ಯಾವ ಕಾರಣಕ್ಕೆ? ಮೆಮೊ ಎಲ್ಲಿ? ವೈದ್ಯರು ನೋಡಿದರೆ? ಯಾವ ಮ್ಯಾಜಿಸ್ಟ್ರೇಟರ ಮುಂದೆ, ಯಾವಾಗ ತರುತ್ತೀರಿ? 'ಸುಮ್ಮನೆ ವಿಚಾರಣೆಗೆ ಕರೆತಂದಿದ್ದೇವೆ' ಎಂಬ ಉತ್ತರ ಬಂದರೆ, ಹಾಗಾದರೆ ಅವನು ಈಗ ಎದ್ದು ಮನೆಗೆ ಹೋಗಬಹುದೆ ಎಂದು ಕೇಳಬೇಕು. ಹೋಗಲು ಬಿಡದಿದ್ದರೆ ಕಾಗದವಿಲ್ಲದಿದ್ದರೂ ಅದು ದಸ್ತಗಿರಿಯೇ. ಮೈ ಮುಟ್ಟಿ ಅಥವಾ ತಡೆದು ವಶದಲ್ಲಿಟ್ಟುಕೊಂಡರೆ ಬಂಧನವಾದಂತೆ ಎಂದು ಸಂಹಿತೆಯ 43ನೆಯ ಸೆಕ್ಷನ್ ಹೇಳುತ್ತದೆ. ವಕೀಲರಿಗೆ ಹಣವಿಲ್ಲವೆನ್ನುವ ಮಾತು ಬೇಡ. ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ, ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು ಕಾನೂನು ಸೇವೆಗಳ ಕಾಯಿದೆ ಹೇಳುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಹಾಸನದಲ್ಲಿದೆ, ತಾಲೂಕುಗಳಲ್ಲಿ ಅದರ ಸಮಿತಿಗಳಿವೆ, 15100 ಎಂಬ ಸಂಖ್ಯೆಗೆ ಕರೆ ಮಾಡಿದರೂ ಸಾಕು. ಈ ಐದಾರು ಸಾಲುಗಳನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು ಮಸೀದಿಯ, ಸಂಘದ, ಹಾಲಿನ ಡೈರಿಯ ಗೋಡೆಗೆ ಅಂಟಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಹದೀಸ್ ಗ್ರಂಥ ಅಬೂ ದಾವೂದ್‌ನಲ್ಲಿ ಒಂದು ವರದಿಯಿದೆ. ಪ್ರವಾದಿವರ್ಯರು(ಸ) ಪ್ರವಚನ ನೀಡುತ್ತಿದ್ದಾಗ ಒಬ್ಬ ಮನುಷ್ಯ ಎದ್ದುನಿಂತು, ನನ್ನ ನೆರೆಯವರನ್ನು ಯಾಕೆ ಹಿಡಿದಿಟ್ಟಿದ್ದೀರಿ ಎಂದು ಕೇಳಿದ. ಅವರು ಉತ್ತರಿಸಲಿಲ್ಲ. ಮತ್ತೆ ಕೇಳಿದ. ಆಗಲೂ ಮೌನ. ಹಿಡಿದವರು ಕಾರಣ ಹೇಳಲು ಅವಕಾಶವಾಗಲೆಂದು ಆ ಮೌನ ಎಂದು ವಿದ್ವಾಂಸರು ವಿವರಿಸುತ್ತಾರೆ. ಯಾರೂ ಕಾರಣ ಹೇಳಲಿಲ್ಲ. ಇವನ ನೆರೆಯವರನ್ನು ಬಿಟ್ಟುಬಿಡಿ ಎಂದು ಪ್ರವಾದಿವರ್ಯರು(ಸ) ಆದೇಶಿಸಿದರು. ಆ ನೆರೆಯವರು ಒಳ್ಳೆಯವರೋ ಕೆಟ್ಟವರೋ ಎಂಬುದನ್ನು ವರದಿ ಹೇಳುವುದಿಲ್ಲ. ಅವರ ಪರವಾಗಿ ಒಬ್ಬ ಎದ್ದುನಿಂತ, ಒಮ್ಮೆ ಉತ್ತರ ಸಿಗದಿದ್ದಾಗ ಕೂರಲಿಲ್ಲ ಎಂಬುದಷ್ಟನ್ನೇ ಹೇಳುತ್ತದೆ.